ಕೆಮ್ಮದ ಕುದುರೆ

ಹೋದ ಸಂಚಿಕೆಯಲ್ಲಿ ಮಿಡಿ ಉಪ್ಪಿನಕಾಯಿಯ ಬಗ್ಗೆ ಬರೆದು, ಮುಂದಿನ ಸಲ ಹಪ್ಪಳ-ಸಂಡಿಗೆ ಎಂದು ಮಾತು ಕೊಟ್ಟಿದ್ದೆ. ಹಪ್ಪಳ ಇನ್ನೊಂದು ತಿಂಗಳು ಬಿಸಿಲಲ್ಲಿರಲಿ, ಈ ಸಲ ಕುದುರೆಯ ಮಾತು. “ಇವರಿಗೂ ಕುದುರೆಗೂ ಎಲ್ಲಿಯ ನಂಟು?” ಎಂದು ನಗಬೇಡಿ. ನಂಟು ಹತ್ತಿದ್ದು ಮಾಥೇರಾನಿನಲ್ಲಿ. ನಿಮ್ಮಲ್ಲಿ ಹಲವರು ಆ ದಿನ ನನ್ನ ಜೊತೆಗೇ ಇದ್ದಿರಿ.

ಜನವರಿಯಲ್ಲಿ ನಮ್ಮ ಮಹಿಳಾ ವಿಭಾಗದವರು ವಿಹಾರಕ್ಕೆ ಹೋಗಿದ್ದೆವಲ್ಲ? ಮಾಥೇರಾನಿನೊಳಗೆ ನಮ್ಮ ವಾಹನಗಳನ್ನು ಬಿಡುವುದಿಲ್ಲ. ದಸ್ತೂರಿ ನಾಕಾದಲ್ಲಿ ಟ್ಯಾಕ್ಸಿ ಇಳಿದ ಮೇಲೆ ಕೆಂಪು ಧೂಳಿನ ದಾರಿಯಲ್ಲಿ ಕಾಲ್ನಡಿಗೆ, ಇಲ್ಲವೇ ಕುದುರೆ. ನನ್ನ ಜೊತೆ ಬಂದಿದ್ದ ಮೊಮ್ಮಗಳಿಗೆ ಕುದುರೆಯೇ ಬೇಕು. ಸರಿ, ಒಬ್ಬ ಘೋಡೇವಾಲನ ಜೊತೆ ಚೌಕಾಶಿ ಮಾಡಿ ಒಂದು ಕಂದು ಕುದುರೆ ಗೊತ್ತು ಮಾಡಿದೆ. ಮಗು ಅದರ ಮೇಲೆ, ನಾನು ಆತನ ಪಕ್ಕದಲ್ಲಿ ನಡಿಗೆ. ದಾರಿಯಲ್ಲಿ ಆತನ ಬಿಡಾರ. ನೀರು ಕುಡಿಸಲು ನಿಲ್ಲಿಸಿದ. ಅಲ್ಲಿ ನಾಲ್ಕು ಕುದುರೆಗಳು ಒಟ್ಟಿಗಿದ್ದವು. ಐದನೆಯದು ಮಾತ್ರ ದೂರದ ಮರದ ಕೆಳಗೆ ಒಂಟಿಯಾಗಿ ನಿಂತಿತ್ತು, ಅದಕ್ಕೆ ಬೇರೆಯೇ ಬಾಲ್ದಿ. ಬಾಲ್ದಿಗೆ ಗುರುತಿಗೆಂದು ಕೆಂಪು ಬಟ್ಟೆ ಕಟ್ಟಿತ್ತು.

“ಅದಕ್ಕೇನು ಕಾಯಿಲೆಯಾ?” ಎಂದು ಕೇಳಿದೆ. ಮಗುವನ್ನು ಕೂಡಿಸಿದ್ದೇನಲ್ಲ, ಅಳುಕು.

“ಇಲ್ಲ ಮಾವಶಿ, ಹೊಸದು. ಸಾರಂಗಖೇಡಾ ಜಾತ್ರೆಯಿಂದ ತಂದದ್ದು. ಮೂರು ವಾರ ಬೇರೆಯೇ ಇರಬೇಕು.”

“ನೋಡಿದರೆ ಗಟ್ಟಿಮುಟ್ಟಾಗಿದೆಯಲ್ಲ!”

ಆತ ಲಗಾಮು ಸರಿಮಾಡುತ್ತ ಹೇಳಿದ, “ನೋಡಲಿಕ್ಕೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ.” ಆಮೇಲೆ ಪಾಯಿಂಟಿನವರೆಗೂ ಆತ ಹೇಳಿದ್ದು ತನ್ನ ತಂದೆಯ ಹೆಣ್ಣುಕುದುರೆಯ ಕಥೆ. ಆಗ ಅವರಿದ್ದದ್ದು ಘಟ್ಟದ ಮೇಲಿನ ಬೇರೊಂದು ಊರಿನಲ್ಲಿ. ಒಂದು ದಿನ ಪಶುವೈದ್ಯರು ಬಂದು ಎಲ್ಲ ಕುದುರೆಗಳ ರಕ್ತ ತೆಗೆದುಕೊಂಡು ಹೋದರು. ಕೆಲವು ದಿನಗಳ ಮೇಲೆ ಮತ್ತೆ ಬಂದು ಮತ್ತೊಮ್ಮೆ ರಕ್ತ. ಅದಾದ ಮೇಲೆ ಬಂದಾಗ ಜೊತೆಗೆ ಪೊಲೀಸರಿದ್ದರು. ಮನೆಯ ಹೊಟ್ಟೆ ಹೊರೆಯುತ್ತಿದ್ದ ಆ ಕುದುರೆಗೆ ಸೂಜಿಮದ್ದು ಕೊಟ್ಟು ಮಲಗಿಸಿ, ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿದರು. “ಅವಳು ಒಂದು ದಿನವೂ ಕೆಮ್ಮಿದವಳಲ್ಲ ಮಾವಶಿ. ಹಿಂದಿನ ದಿನವೂ ಎರಡು ಸವಾರಿ ಮಾಡಿದ್ದಳು. ನೀವು ಓದಿದವರು, ಹೇಳಿ. ರಕ್ತ ಸುಳ್ಳು ಹೇಳಬಹುದಾ?”

ನನ್ನ ಬಿ.ಎ. ಇಂಗ್ಲಿಷಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ನಂಬರು ಬರೆದುಕೊಂಡು ಬಂದೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ನಿವೃತ್ತ ಪಶುವೈದ್ಯರು. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮನೆಯಲ್ಲಿ ಮೂರು ಸಂಜೆ ಕುಳಿತು ಕೇಳಿಸಿಕೊಂಡದ್ದನ್ನೂ ಆಮೇಲೆ ಓದಿಕೊಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಡಾಕ್ಟರು ಶುರು ಮಾಡಿದ್ದೇ ಹೀಗೆ: “ತಂಗೀ, ಕುದುರೆ ಅಂದರೆ ಹುಲಿ-ಸಿಂಹದ ಬಾಯಿಗೆ ಹೆದರಿ ಬಾಳಿದ ಪ್ರಾಣಿ. ಹಿಂಡಿನಲ್ಲಿ ನಿತ್ರಾಣ ತೋರಿಸಿದರೆ ಮೊದಲು ಸಾಯುವುದು ಅದೇ. ಅದಕ್ಕೇ ಮೈಗೆ ಹುಷಾರಿಲ್ಲದಿದ್ದರೂ ತಲೆ ಎತ್ತಿಕೊಂಡೇ ನಿಂತಿರುತ್ತದೆ.” ಇನ್ನು ಅದರ ಶ್ವಾಸಕೋಶವೋ, ದೊಡ್ಡ ಕಣಜ. ಸುಮ್ಮನೆ ನಿಂತಾಗ ನಿಮಿಷಕ್ಕೆ ೮ರಿಂದ ೧೬ ಸಲ ಉಸಿರಾಡಿದರೆ ಸಾಕು, ನಾಗಾಲೋಟದಲ್ಲಿ ಹೆಜ್ಜೆಗೊಂದು ಉಸಿರು. ಇಷ್ಟು ಉಗ್ರಾಣವಿರುವಾಗ ಒಂದು ಮೂಲೆ ಕೆಟ್ಟರೂ ಮಾಥೇರಾನಿನ ಸವಾರಿಗೆ ಕೊರತೆಯಾಗುವುದಿಲ್ಲ. ನಮ್ಮ ಹಾಗೆ ಬಾಯಿಯಿಂದ ಉಸಿರಾಡಲು ಕುದುರೆಗೆ ಬರುವುದಿಲ್ಲ, ಮೂಗೊಂದೇ ದಾರಿ. ಇದು ನನಗೆ ಹೊಸ ವಿಷಯ. ನೆಗಡಿಯಾದಾಗ ಅದರ ಪಾಡೇನು ಎಂದು ಯೋಚಿಸಿ ಸಂಕಟವಾಯಿತು.

ಹಾಗಾದರೆ ಒಳಗಿನ ಸೋಂಕನ್ನು ಕಂಡುಹಿಡಿಯುವುದು ಹೇಗೆ? ಎಲ್ಲಕ್ಕಿಂತ ಅಗ್ಗದ ಉಪಾಯ ಥರ್ಮಾಮೀಟರು. ಕುದುರೆಯ ಮೈಶಾಖ ಸಾಧಾರಣವಾಗಿ ೯೯ರಿಂದ ೧೦೧ ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರ ಅನ್ನಿಸುವುದು ಅದಕ್ಕೆ ಮಾಮೂಲು. ದಿನಕ್ಕೆರಡು ಸಲ, ಬೆಳಿಗ್ಗೆ-ಸಂಜೆ, ಬಾಲದ ಕೆಳಗೆ ಇಟ್ಟು ನೋಡಬೇಕು. ಥರ್ಮಾಮೀಟರಿಗೆ ಒಂದು ದಾರ ಕಟ್ಟಿ ಇನ್ನೊಂದು ತುದಿಯನ್ನು ಬಾಲದ ಕೂದಲಿಗೆ ಚಿಮಟದಿಂದ ಸಿಕ್ಕಿಸಬೇಕಂತೆ, ಇಲ್ಲದಿದ್ದರೆ ಒಳಗೆ ಹೋಗಿಬಿಟ್ಟೀತು, ಇಲ್ಲವೇ ಬಿದ್ದು ಒಡೆದೀತು. ಒದೆ ತಿನ್ನದಂತೆ ಪಕ್ಕಕ್ಕೆ ನಿಲ್ಲುವುದನ್ನೂ ಕಲಿಯಬೇಕು ಎಂದು ಡಾಕ್ಟರು ತಮ್ಮ ಮೊಣಕಾಲು ಸವರಿಕೊಂಡರು! ಪ್ರತಿ ದಿನದ ಅಂಕಿಯನ್ನು ಬರೆದಿಡುವುದು ಮುಖ್ಯ. ನಿನ್ನೆಯದು ಗೊತ್ತಿಲ್ಲದೆ ಇಂದಿನದಕ್ಕೆ ಅರ್ಥವಿಲ್ಲ, ಹಾಲಿನವನ ಲೆಕ್ಕದ ಹಾಗೆ.

ಜ್ವರಕ್ಕೆ ಇಷ್ಟು ಮಹತ್ವ ಏಕೆಂದರೆ ‘ಸ್ಟ್ರ್ಯಾಂಗಲ್ಸ್’ ಎಂಬ ಗಂಟಲುಬೇನೆ. ಕುದುರೆಯ ದವಡೆಯ ಕೆಳಗೆ ಗಂಟಾಗಿ ಕೀವು ತುಂಬಿ ಉಸಿರುಗಟ್ಟಿಸುತ್ತದೆ, ಅದಕ್ಕೇ ಆ ಹೆಸರು. ಬಹಳ ಹಳೆಯ ಕಾಯಿಲೆ. ಇಟಲಿಯ ಜೋರ್ಡಾನುಸ್ ರೂಫುಸ್ ಎಂಬವನು ೧೩ನೇ ಶತಮಾನದಲ್ಲೇ ಇದನ್ನು ವರ್ಣಿಸಿದ್ದಾನೆ. ಇದರ ಒಂದು ಉಪಕಾರವೆಂದರೆ ಜ್ವರ ಮೊದಲು ಬರುತ್ತದೆ, ಒಂದೆರಡು ದಿನ ಕಳೆದ ಮೇಲಷ್ಟೇ ಮೂಗಿನಿಂದ ರೋಗಾಣು ಹೊರಬೀಳತೊಡಗುತ್ತದೆ. ಅಂದರೆ ಜ್ವರ ಕಂಡ ದಿನವೇ ಕುದುರೆಯನ್ನು ಬೇರೆ ಕಟ್ಟಿದರೆ ಉಳಿದವು ಬಚಾವು. ಕೆಮ್ಮು ಬರಲಿ, ಗಂಟು ಕಾಣಲಿ ಎಂದು ಕಾದವನ ಲಾಯವೇ ಮಲಗುತ್ತದೆ.

ಆದರೆ ಅದೇ ಕಾಯಿಲೆಯ ಇನ್ನೊಂದು ಮುಖ ನೋಡಿ. ಕುದುರೆಯ ಕಿವಿಗೂ ಗಂಟಲಿಗೂ ನಡುವೆ ಗಾಳಿ ತುಂಬಿದ ಎರಡು ಚೀಲಗಳಿವೆ, ಒಂದೊಂದರಲ್ಲಿ ಎರಡು ಲೋಟ ನೀರು ಹಿಡಿದೀತು. ನಮಗೂ ಇಲ್ಲ, ಹಸುವಿಗೂ ಇಲ್ಲ. ಬೇನೆ ವಾಸಿಯಾದ ಮೇಲೂ ಕೆಲವು ಕುದುರೆಗಳಲ್ಲಿ ಕೀವು ಈ ಚೀಲದೊಳಗೇ ಉಳಿದು, ಒಣಗಿ ಬೆಣಚುಕಲ್ಲಿನ ಹಾಗೆ ಗುಂಡಗಾಗುತ್ತದೆ. ಗುಣವಾದ ಹತ್ತರಲ್ಲಿ ಒಂದರವರೆಗೆ ಹೀಗಾಗಬಹುದು ಎನ್ನುತ್ತಾರೆ. ಆ ಕುದುರೆಗೆ ಜ್ವರವಿಲ್ಲ, ಕೆಮ್ಮಿಲ್ಲ, ಹೊಟ್ಟೆತುಂಬ ತಿನ್ನುತ್ತದೆ, ಮೈ ಮಿರಿಮಿರಿ ಮಿಂಚುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆಗಾಗ ರೋಗಾಣುಗಳನ್ನು ನೀರಿನ ತೊಟ್ಟಿಗೆ ಇಳಿಸುತ್ತಲೇ ಇರುತ್ತದೆ. ಇಲ್ಲಿ ಥರ್ಮಾಮೀಟರು ಸೋತಿತು. ಮೂಗಿಗೆ ಒಮ್ಮೆ ಹತ್ತಿ ಕಡ್ಡಿ ಹಾಕಿ ನೋಡಿದರೂ ಸಿಕ್ಕೀತೆಂಬ ಭರವಸೆಯಿಲ್ಲ, ಆ ದಿನ ಹೊರಬೀಳದಿದ್ದರೆ ಇಲ್ಲ. ಮೂಗಿನ ಮೂಲಕ ದೂರದರ್ಶಕದಂಥ ನಳಿಕೆ ಇಳಿಸಿ, ಎರಡೂ ಚೀಲಗಳೊಳಗೆ ಇಣುಕಿ, ಉಪ್ಪುನೀರಿನಿಂದ ತೊಳೆದು, ಆ ತೊಳೆದ ನೀರನ್ನು ಪಿ.ಸಿ.ಆರ್. ಪರೀಕ್ಷೆಗೆ ಕಳಿಸಬೇಕು. ಪಿ.ಸಿ.ಆರ್. ಎಂದರೇನೆಂದು ೨೦೨೦ರ ಮುಂಚೆಯಾಗಿದ್ದರೆ ಒಂದು ಪುಟ ವಿವರಿಸಬೇಕಾಗುತ್ತಿತ್ತು. ಈಗ ನಮ್ಮ ಮನೆಗೆಲಸದ ಬಾಯಿಗೂ ಗೊತ್ತು.

ಇದನ್ನು ಕೇಳುವಾಗ ನನಗೆ ನೆನಪಾದದ್ದು ಅಮೆರಿಕದ ಅಡುಗೆಯಾಕೆ ಮೇರಿ ಮ್ಯಾಲನ್. ನ್ಯೂಯಾರ್ಕಿನ ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವಳು. ಹೋದ ಮನೆಯಲ್ಲೆಲ್ಲ ವಿಷಮಶೀತ ಜ್ವರ, ಅವಳಿಗೆ ಮಾತ್ರ ಏನೂ ಇಲ್ಲ. ೧೯೦೭ರಲ್ಲಿ ಅವಳನ್ನು ಹಿಡಿದು ಪರೀಕ್ಷಿಸಿದಾಗ ರೋಗಾಣು ಅವಳೊಳಗೇ ಸಿಕ್ಕಿತು. ಗಟ್ಟಿಮುಟ್ಟಾದ ನಾನು ರೋಗಿಯೇ ಎಂದು ಅವಳು ಕೊನೆಯವರೆಗೂ ನಂಬಲಿಲ್ಲ. ಮಾಥೇರಾನಿನ ಆತನ ತಂದೆಯೂ ನಂಬಲಿಲ್ಲವಂತೆ.

ಕುದುರೆಯ ಫ್ಲೂ ಬೇರೆ ಜಾತಿ. ಸೋಂಕು ತಗುಲಿ ಒಂದರಿಂದ ಮೂರು ದಿನದೊಳಗೆ ಜ್ವರ, ಒಣಕೆಮ್ಮು. ಕೆಮ್ಮಿದ ಗಾಳಿಯಲ್ಲೇ ಹಬ್ಬುತ್ತದೆ. ನಮ್ಮ ದೇಶದಲ್ಲಿ ೧೯೮೭ರಲ್ಲಿ ದೊಡ್ಡದಾಗಿ ಬಂದು ಹೋಯಿತು. ಎರಡು ದಶಕ ಕಳೆದು ೨೦೦೮ರಲ್ಲಿ ಮತ್ತೆ ಕಾಣಿಸಿಕೊಂಡದ್ದು ಜಮ್ಮುವಿನ ಕಟ್ರಾ ಕಡೆ. ವೈಷ್ಣೋದೇವಿಗೆ ಹೋದವರು ನೀವು ಏರಿರುತ್ತೀರಿ, ಯಾತ್ರಿಗಳನ್ನು ಹೊರುವ ಅದೇ ಕುದುರೆ-ಹೇಸರಗತ್ತೆಗಳ ಊರು. ಅಲ್ಲಿಂದ ಹಲವು ರಾಜ್ಯಗಳಿಗೆ ಹಬ್ಬಿತು. ಮನುಷ್ಯರಿಗೆ ಸಾಮಾನ್ಯವಾಗಿ ತಗುಲುವುದಿಲ್ಲ, ಗಾಬರಿ ಬೇಡ.

ಫ್ಲೂ ಬಂದ ಕುದುರೆ ಕೆಮ್ಮುತ್ತದೆ, ಅಲ್ಲಿಗೆ ಗುಟ್ಟು ರಟ್ಟು ಅನ್ನುತ್ತೀರಾ? ಆಸ್ಟ್ರೇಲಿಯದವರೂ ಹಾಗೇ ಅಂದುಕೊಂಡಿದ್ದರೋ ಏನೋ. ೨೦೦೭ರ ಆಗಸ್ಟಿನವರೆಗೆ ಆ ಖಂಡದಲ್ಲಿ ಕುದುರೆ ಫ್ಲೂ ಕಾಲಿಟ್ಟೇ ಇರಲಿಲ್ಲ. ಆ ತಿಂಗಳು ಜಪಾನಿನಿಂದ ಬಂದ ಗಂಡುಕುದುರೆಗಳನ್ನು ಸಿಡ್ನಿ ಬಳಿಯ ಈಸ್ಟರ್ನ್ ಕ್ರೀಕ್ ಕ್ವಾರಂಟೈನಿನಲ್ಲಿ ಇಳಿಸಿದರು. ಎಲ್ಲಕ್ಕೂ ಲಸಿಕೆ ಆಗಿತ್ತು. ಲಸಿಕೆ ಹಾಕಿದ ಕುದುರೆಗೆ ಸೋಂಕು ತಗುಲಿದರೆ ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ, ಆದರೆ ಮೂಗಿನಿಂದ ವೈರಸ್ ಬೀಳುತ್ತಿರುತ್ತದೆ. ಅಲ್ಲಿಂದ ಯಾರದೋ ಕೈಗೋ ಬಟ್ಟೆಗೋ ಸಾಮಾನಿಗೋ ಅಂಟಿಕೊಂಡು ಹೊರಗೆ ಬಂದಿರಬೇಕೆಂದು ಆಮೇಲೆ ವಿಚಾರಣೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್ ವರದಿ ಕೊಟ್ಟರು. ಮೇಟ್ಲೆಂಡ್ ಎಂಬಲ್ಲಿ ಒಂದು ವಾರಾಂತ್ಯದ ಕುದುರೆ ಸ್ಪರ್ಧೆ ನಡೆಯಿತು. ಅಲ್ಲಿ ಸೇರಿದ ಕುದುರೆಗಳು ತಮ್ಮ ತಮ್ಮ ಊರಿಗೆ ಮರಳಿದವು. ಅಷ್ಟೇ, ಸುಮಾರು ಹತ್ತು ಸಾವಿರ ಜಾಗಗಳಿಗೆ ರೋಗ ತಲುಪಿತು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡಿನಲ್ಲಿ ಕುದುರೆಗಳ ಓಡಾಟವನ್ನೇ ನಿಲ್ಲಿಸಿ, ರೇಸು ರದ್ದು ಮಾಡಿ, ಲಸಿಕೆ ಹಾಕಿ ವರ್ಷದ ಕೊನೆಗೆ ಅದನ್ನು ಅಳಿಸಿಹಾಕಿದರು ಅನ್ನಿ. ಇಡೀ ದೇಶವೇ ಹಾಗೆ ಅಳಿಸಿಹಾಕಿದ್ದು ಸಣ್ಣ ಮಾತಲ್ಲ. ಆದರೆ ಕ್ವಾರಂಟೈನಿನ ಬಾಗಿಲಲ್ಲಿ ಕೈ ತೊಳೆದು ಬಟ್ಟೆ ಬದಲಿಸಿ ಹೊರಬಂದಿದ್ದರೆ? ಮಡಿ ಮಡಿ ಎಂದು ನಮ್ಮ ಅಜ್ಜಿಯಂದಿರನ್ನು ನಗಾಡುತ್ತೇವೆ, ಇಂಥ ಜಾಗದಲ್ಲಿ ಅವರನ್ನು ಕೂರಿಸಬೇಕಿತ್ತು.

ಇನ್ನೊಂದು ಜಾತಿ ಸೋಂಕು ನಮ್ಮ ಸರ್ಪಸುತ್ತಿನ ಹಾಗೆ. ಚಿಕ್ಕಂದಿನಲ್ಲಿ ಸಿಡುಬಿನ ತಂಗಿಯಂಥ ಸೀತಾಳೆ ಬಂದು ಹೋಗಿ, ವೈರಸ್ಸು ನರದ ಬುಡದಲ್ಲಿ ಅಡಗಿದ್ದು, ಅರವತ್ತರಲ್ಲಿ ಎದ್ದು ಕುಳಿತುಕೊಳ್ಳುವುದಿಲ್ಲವೇ? ಕುದುರೆಗಳ ಹರ್ಪಿಸ್ ವೈರಸ್ಸೂ ಅದೇ ಕುಲ. ಮರಿಯಿದ್ದಾಗ ಹೊಕ್ಕದ್ದು ಸುಮ್ಮನೆ ಮಲಗಿರುತ್ತದೆ. ಲಾರಿಯಲ್ಲಿ ದೂರ ಪ್ರಯಾಣ, ಹೊಸ ಜಾಗ, ಗಲಾಟೆ, ಇಂಥದರಿಂದ ದಣಿದಾಗ ಏಳುತ್ತದೆ. ೨೦೨೧ರ ಫೆಬ್ರವರಿಯಲ್ಲಿ ಸ್ಪೇನಿನ ವ್ಯಾಲೆನ್ಸಿಯಾದ ಕುದುರೆ ಸ್ಪರ್ಧೆಯಲ್ಲಿ ಇದು ಎದ್ದು, ಬೆನ್ನುಹುರಿಗೆ ತಗುಲಿ, ೧೮ ಕುದುರೆಗಳು ಸತ್ತವು. ಯುರೋಪಿನ ಹಲವು ದೇಶಗಳಲ್ಲಿ ಸ್ಪರ್ಧೆಗಳನ್ನೇ ನಿಲ್ಲಿಸಬೇಕಾಯಿತು. ಈಗ ದೊಡ್ಡ ಸ್ಪರ್ಧೆಗಳಿಗೆ ಹೋಗುವ ಕುದುರೆಗಳ ಜ್ವರ ನೋಡಿ ಬರೆದಿಡುವುದು ಕಡ್ಡಾಯ. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು ಇನ್ನೊಂದು ಉಪಾಯ ಮಾಡಿ ನೋಡಿದ್ದಾರೆ. ಕುದುರೆಯ ಮೂಗಿಗೆ ಕೈಹಾಕುವುದೇ ಬೇಡ, ಅದು ಮೂತಿ ಉಜ್ಜುವ ಬಾಗಿಲು, ಮೇವಿನ ತೊಟ್ಟಿಯನ್ನು ಸ್ಪಂಜಿನಿಂದ ಒರೆಸಿ ಆ ಸ್ಪಂಜನ್ನು ಪರೀಕ್ಷಿಸುವುದು. ಅಡುಗೆಕಟ್ಟೆ ಒರೆಸಿದ ಬಟ್ಟೆ ಮೂಸಿ ಅಡುಗೆ ಏನಿತ್ತೆಂದು ಹೇಳುವ ನನ್ನ ಅತ್ತೆಯ ನೆನಪಾಯಿತು.

ಈಗ ಆತನ ಪ್ರಶ್ನೆಗೆ ಬರುತ್ತೇನೆ. ಆ ಹೆಣ್ಣುಕುದುರೆಗೆ ಹೇಳಿದ ಕಾಯಿಲೆ ಗ್ಲ್ಯಾಂಡರ್ಸ್. ಈ ಹೆಸರು ನಾನು ಮೊದಲು ಕಂಡದ್ದು ಕಾಲೇಜಿನಲ್ಲಿ, ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿ. ಪೆಟ್ರೂಚಿಯೋ ಮದುವೆಗೆ ಏರಿ ಬರುವ ಬಡಕಲು ಕುದುರೆಗೆ ಇರುವ ರೋಗಗಳ ಉದ್ದ ಪಟ್ಟಿಯಲ್ಲಿ ಇದೂ ಒಂದು. ಆಗ ನಕ್ಕು ಮುಂದಿನ ಪುಟಕ್ಕೆ ಹೋಗಿದ್ದೆವು. ನಗುವ ರೋಗವಲ್ಲ. ಮೂಗು, ಶ್ವಾಸಕೋಶ, ಚರ್ಮದಲ್ಲಿ ಗಂಟುಗಳಾಗಿ ಹುಣ್ಣಾಗುತ್ತದೆ. ಮನುಷ್ಯರಿಗೂ ಅಂಟುತ್ತದೆ, ಅಂಟಿದರೆ ಪ್ರಾಣಕ್ಕೇ ಬರುತ್ತದೆ. ಕತ್ತೆಗೆ ಬಂದರೆ ಬೇಗ ಮಲಗಿಸಿಬಿಡುತ್ತದೆ. ಕುದುರೆಯಲ್ಲಿ ಮಾತ್ರ ಎಷ್ಟೋ ಸಲ ನಿಧಾನ, ತಿಂಗಳುಗಳ ಕಾಲ, ಇನ್ನೂ ಹೆಚ್ಚು ಕಾಲ ಹೊರಗೆ ಏನೂ ಕಾಣದೆ ಒಳಗೇ ಹೊಗೆಯಾಡುತ್ತದೆ. ನಮ್ಮ ಮಹಾರಾಷ್ಟ್ರದಲ್ಲಿ ೨೦೦೬ರಲ್ಲಿ ಇದು ಮತ್ತೆ ತಲೆಯೆತ್ತಿತು. ಆಮೇಲೆ ಬೇರೆ ರಾಜ್ಯಗಳಲ್ಲೂ ಆಗಾಗ ಸುದ್ದಿಯಾಗುತ್ತಿದೆ. ಇದಕ್ಕೆಂದೇ ಬ್ರಿಟಿಷರು ೧೮೯೯ರಲ್ಲಿ ಒಂದು ಕಾಯಿದೆ ಮಾಡಿದ್ದರು. ಈಗಿರುವುದು ೨೦೦೯ರ ಪ್ರಾಣಿರೋಗ ಕಾಯಿದೆ.

ಹಳೆಯ ಕಾಲದಲ್ಲಿ ಇದನ್ನು ಪತ್ತೆ ಮಾಡುತ್ತಿದ್ದದ್ದು ‘ಮ್ಯಾಲೀನ್’ ಎಂಬ ಮದ್ದಿನಿಂದ. ಮಕ್ಕಳಿಗೆ ಕ್ಷಯದ ಅನುಮಾನವಿದ್ದರೆ ತೋಳಿಗೆ ಸಣ್ಣ ಸೂಜಿ ಚುಚ್ಚಿ ಎರಡು ದಿನ ಬಿಟ್ಟು ಊತ ಅಳೆಯುತ್ತಾರಲ್ಲ, ಹಾಗೆಯೇ ಇದು. ಚುಚ್ಚುವುದು ಕುದುರೆಯ ಕೆಳರೆಪ್ಪೆಗೆ. ಎರಡು ದಿನದೊಳಗೆ ರೆಪ್ಪೆ ಬಾತು ಕಣ್ಣಿನ ಮೂಲೆಯಲ್ಲಿ ಕೀವು ಬಂದರೆ ಸೋಂಕಿದೆ ಎಂದರ್ಥ. ೧೮೯೦ರ ಆಸುಪಾಸಿನಲ್ಲಿ ಇದನ್ನು ಕಂಡುಹಿಡಿದವರು ರಷ್ಯದ ಇಬ್ಬರು ಪಶುವೈದ್ಯರು, ಹೆಲ್ಮನ್ ಮತ್ತು ಕಾಲ್ನಿಂಗ್. ಅವರಲ್ಲಿ ಕಾಲ್ನಿಂಗ್ ಅದೇ ಕೆಲಸದಲ್ಲಿ ಅದೇ ರೋಗ ತಗುಲಿ ತೀರಿಕೊಂಡ. ಈಗ ನಮ್ಮಲ್ಲಿ ರಕ್ತಪರೀಕ್ಷೆಯೇ ಮುಖ್ಯ. ಮೊದಲು ಎಲೈಸಾ, ಅದರಲ್ಲಿ ಬಂದವಕ್ಕೆ ಕಾಂಪ್ಲಿಮೆಂಟ್ ಫಿಕ್ಸೇಶನ್ ಎಂಬ ಇನ್ನೊಂದು. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ ಇದರಲ್ಲಿ ದೊಡ್ಡ ಹೆಸರು.

“ಹಾಗಾದರೆ ಡಾಕ್ಟ್ರೇ, ರಕ್ತ ಸುಳ್ಳು ಹೇಳುತ್ತದೆಯೇ?” ಎಂದು ನೇರವಾಗಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಒಂದು ಪರೀಕ್ಷೆ ಹೇಳಬಹುದು. ರೋಗವಿಲ್ಲದ ಕುದುರೆಯಲ್ಲೂ ಆಗೊಮ್ಮೆ ಈಗೊಮ್ಮೆ ಇದೆ ಎಂದು ಬರುತ್ತದೆ. ಅದಕ್ಕೇ ಎರಡನೆಯದು, ಅದಕ್ಕೇ ಮತ್ತೊಮ್ಮೆ ರಕ್ತ. ಎರಡು ಬೇರೆ ಬೇರೆ ಪರೀಕ್ಷೆಗಳು ಒಂದೇ ಸುಳ್ಳನ್ನು ಹೇಳುವುದು ಅಪರೂಪ. ಕೆಮ್ಮಲಿಲ್ಲ ಅನ್ನುವುದು ಮಾತ್ರ ಸಾಕ್ಷಿಯಲ್ಲ ತಂಗೀ.” ಔಷಧಿ ಕೊಟ್ಟು ಉಳಿಸಬಾರದಿತ್ತೇ ಎಂದರೆ, ಅದಕ್ಕೂ ಇದೇ ಉತ್ತರ. ಲಸಿಕೆ ಇಲ್ಲ. ಔಷಧಿಯಿಂದ ಹುಣ್ಣು ಮಾಯಬಹುದು, ರೋಗಾಣು ಒಳಗೇ ಉಳಿಯಬಹುದು. ಆಗ ಇನ್ನಷ್ಟು ಚೆನ್ನಾಗಿ ಕಾಣುವ, ಇನ್ನಷ್ಟು ಅಪಾಯದ ಕುದುರೆ ತಯಾರಾಗುತ್ತದೆ. ಅದಕ್ಕೇ ಕುದುರೆಗೆ ಇದರ ಚಿಕಿತ್ಸೆಯನ್ನೇ ಮಾಡಬಾರದೆಂದು ನಿಯಮ.

ನಿಯಮ ಸರಿ. ಆದರೆ ಅದನ್ನು ಆ ಮನೆಯವರಿಗೆ ಕೂರಿಸಿ ಹೇಳಿದವರು ಯಾರು? ಸೂಜಿ ಹಿಡಿದು ಬಂದವರಿಗೆ ಇನ್ನೂ ಹತ್ತು ಲಾಯ ಸುತ್ತುವ ಅವಸರವಿದ್ದಿರಬೇಕು, ಅವರನ್ನು ದೂರಿ ಫಲವಿಲ್ಲ. ಒಂದು ಜೀವದ ದುಡಿಮೆಯಲ್ಲಿ ಐದು ಜನ ಉಣ್ಣುತ್ತಿದ್ದರು. ಅಂಥ ಜೀವವನ್ನು ಒಂದು ಕಾಗದ ತೋರಿಸಿ ಒಯ್ದರೆ, ಯಾವ ಕುದುರೆಯವನು ಮುಂದಿನ ಸಲ ತಾನಾಗಿ ರಕ್ತ ಕೊಟ್ಟಾನು? ಬಚ್ಚಿಟ್ಟರೆ ಮತ್ತೆ ಅದೇ ಕಥೆ. ನನ್ನ ಮಟ್ಟಿಗೆ ಪರೀಕ್ಷೆಗಿಂತ ಕಷ್ಟದ ಕೆಲಸ ಇದೇ ಅನ್ನಿಸಿತು.

ಹೋದ ಭಾನುವಾರ ಆತನಿಗೆ ಫೋನ್ ಮಾಡಿದೆ. ನನ್ನ ಹರಕುಮುರುಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದೆ, ಗಂಟಲ ಚೀಲ, ಎರಡು ಪರೀಕ್ಷೆ, ಎಲ್ಲ. ನಿನ್ನ ತಂದೆಯ ಕುದುರೆಯ ಕಾಗದ ನಾನು ನೋಡಿಲ್ಲ, ಆದರೆ ಎರಡು ಸಲ ರಕ್ತ ತೆಗೆದದ್ದು ನಿನ್ನ ಬಾಯಲ್ಲೇ ಕೇಳಿದ್ದೇನೆ ಎಂದೆ. ಆತ ಏನೂ ಅನ್ನಲಿಲ್ಲ. ಆಮೇಲೆ, “ಅವಳ ಪಕ್ಕದಲ್ಲಿ ಕಟ್ಟುತ್ತಿದ್ದ ಮರಿಯ ರಕ್ತ ಮೂರು ಸಲ ತೆಗೆದರು ಮಾವಶಿ, ಅದರಲ್ಲಿ ಏನೂ ಬರಲಿಲ್ಲ. ನಿಮ್ಮ ಮಗು ಕೂತಿದ್ದು ಅದರ ಮೇಲೆಯೇ,” ಎಂದ. ಎದೆ ಒಮ್ಮೆ ಝಲ್ಲೆಂದಿತು, ಸುಳ್ಳೇಕೆ ಹೇಳಲಿ. ಆ ಮರಿಗೆ ಆಗ ನಾಲ್ಕು ತಿಂಗಳಂತೆ, ಈಗ ಎಂಟು ವರ್ಷ.

ಮರದ ಕೆಳಗಿನ ಹೊಸ ಕುದುರೆಗೆ ಮೂರು ವಾರ ಮುಗಿದು ಈಗ ಉಳಿದವುಗಳ ಜೊತೆ ಸೇರಿಸಿದ್ದಾನೆ. ಆದರೆ ಜ್ವರ ಅಳೆದೇ ಇರಲಿಲ್ಲ, ಕೈಯಿಂದ ಕಿವಿ ಮುಟ್ಟಿ ನೋಡುವುದಷ್ಟೇ ಅವರ ರೂಢಿ. ನಮ್ಮ ಬೀದಿಯ ಮೆಡಿಕಲ್ ಅಂಗಡಿಯಿಂದ ಎರಡು ಡಿಜಿಟಲ್ ಥರ್ಮಾಮೀಟರು, ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದು ಕೊರಿಯರಿನಲ್ಲಿ ಕಳಿಸಿದ್ದೇನೆ. ದಾರವನ್ನು ತಾನೇ ಕಟ್ಟಿಕೊಳ್ಳುತ್ತಾನಂತೆ.